ಕವಳೆಯ ಬೇಲಿ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ, ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಎಡೆಯಲ್ಲಿ ಕುಂಸಿಯ ಗ್ರಾಮಗಳಿವೆ. ಇಲ್ಲಿನ ಕುರುಚಲು ಕಾಡಿನಲ್ಲಿಯೂ ಹೊಲದ ಬದುಗಳಲ್ಲಿಯೂ ತಾನಾಗಿ ಬೆಳೆಯುವ ಕವಳೆಯನ್ನು ಅರಿಯದವರಿಲ್ಲ. ಆದರೂ ನೆಲವನ್ನು ಹಸನುಮಾಡುವಾಗ ಮೊದಲು ಕೊಡಲಿಗೆ ಈಡಾಗುವುದು ಈ ಮುಳ್ಳುಗಿಡವೇ. ಅದನ್ನು ಕಡಿದು, ಬಳಿಕ ವರ್ಷವರ್ಷವೂ ಒಣಮುಳ್ಳು ಹೊರಿಸಿ ಬೇಲಿ ಕಟ್ಟುವುದು, ಇಲ್ಲವೆ ತಂತಿಗೆ ಹಣ ತೆರುವುದು ವಿವೇಕವೆನಿಸದು.

ಕವಳೆಯು ಕಣಗಿಲೆಯ ಕುಟುಂಬಕ್ಕೆ ಸೇರಿದ, ವರ್ಷವೆಲ್ಲ ಹಸಿರಾಗಿರುವ ಪೊದೆ. ಸಂಸ್ಕೃತದಲ್ಲಿ ಇದಕ್ಕೆ ಕರಮರ್ದವೆಂದು ಹೆಸರು. ಗಡುಸಾದ ಮುಳ್ಳೂ ಬಿಳಿಯ ಹಾಲೂ ಇರುವುದರಿಂದ ದನಗಳು ಇದಕ್ಕೆ ಬಾಯಿಹಾಕುವುದು ಅಪರೂಪ. ಕಲ್ಲುನೆಲವನ್ನೂ ಬೇಸಗೆಯ ಬರವನ್ನೂ ತಾಳುತ್ತದೆ. ನೀರು ನಿಲ್ಲುವ ಜಾಗವನ್ನು ಮಾತ್ರ ತಾಳದು.

ಎಳೆಯ ಕಾಯಿಯ ಹಾಲನ್ನು ಚೆನ್ನಾಗಿ ತೊಳೆದು ಉಪ್ಪಿನಕಾಯಿ ಹಾಕುವ ಪದ್ಧತಿಯನ್ನು ಮನೆಯ ಹೆಂಗಸರಿಗೆ ನಾವು ಕಲಿಸಬೇಕಾದುದಿಲ್ಲ. ಪೂರ್ಣ ಮಾಗದ ಹಣ್ಣಿನಲ್ಲಿ ರಸವನ್ನು ಗಟ್ಟಿಗೊಳಿಸುವ ಪೆಕ್ಟಿನ್ ಎಂಬ ಅಂಶವು ಹೇರಳವಾಗಿರುವುದರಿಂದ ಸಕ್ಕರೆ ಬೆರೆಸಿ ಕಾಯಿಸಿದರೆ ಜೆಲ್ಲಿಯು ತಾನಾಗಿ ಹೆಪ್ಪುಗಟ್ಟುತ್ತದೆ. ಹುಳಿ ಹಣ್ಣುಗಳಿಲ್ಲದೆ ವಸಡು ಕೆಡುವ ರೋಗಕ್ಕೆ ಮಾಗಿದ ಹಣ್ಣು ಹಿತವೆಂದು ಹಿಂದಿನಿಂದಲೂ ಹೆಸರಾಗಿದೆ. ಬೇರನ್ನು ಜಂತುಹುಳುವಿಗೆ ಕೊಡುವ ವಾಡಿಕೆಯುಂಟು. ವೈದ್ಯರನ್ನು ಕೇಳದೆ ಅದನ್ನು ಉಪಯೋಗಿಸಕೂಡದು.

ಬೇಲಿಗೆ ಬೀಜದ ಸಸಿಯೇ ಮೇಲು. ಕಡ್ಡಿ ನೆಟ್ಟರೆ ಬೇರೊಡೆಯುವುದು ಕಷ್ಟ. ಇದರಲ್ಲಿ ಬಹುಮಂದಿ ಸೋಲುವುದು ಬೀಜವನ್ನು ಒಣಗಿಸಿ ಮುಂದಿನ ವರ್ಷಕ್ಕೆಂದು ಕಟ್ಟಿಡುವುದರಿಂದ. ಕವಳೆಯ ಬೀಜವು ಬಹುಬೇಗನೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಕಪ್ಪಗೆ ಮಾಗಿದ ಹಣ್ಣನ್ನು ಹಿಚುಕಿ, ತಿರುಳನ್ನು ತೊಳೆದು, ಮುಂಗಾರಿನಲ್ಲಿಯೇ ಮಡಿಯಲ್ಲಿ ಬಿತ್ತತಕ್ಕದ್ದು. ಸಸಿಗಳನ್ನು ಮರುವರ್ಷದ ಮಳೆಯಲ್ಲಿ ಬದುವಿನ ಮೇಲೆ 2ರಿಂದ 3 ಅಡಿ ಅಂತರದಲ್ಲಿ ನೆಡಬೇಕು. ಮೊದಲ ಎರಡು ವರ್ಷ ದನಗಳ ತುಳಿತದಿಂದ ಕಾಪಾಡಿ, ತುದಿಯನ್ನು ಚಿವುಟುತ್ತಿದ್ದರೆ ಬುಡದಿಂದಲೇ ಕವಲೊಡೆದು ದಟ್ಟವಾಗುತ್ತದೆ. ಬುಡ ತೆರವಾದ ಬೇಲಿಯು ದನವನ್ನು ತಡೆದರೂ ಹಂದಿಯನ್ನು ತಡೆಯದು. ದಟ್ಟವಾದುದನ್ನೂ ಹಂದಿಗೆ ಸಂಪೂರ್ಣ ತಡೆಯೆಂದು ನಂಬಬಾರದು.

ಹೂವು ಹೊಸ ಚಿಗುರಿನ ತುದಿಯಲ್ಲಿ ಬಿಡುವುದರಿಂದ ಬೇಲಿಯನ್ನು ಬೋಳಾಗಿ ಸವರಿದಲ್ಲಿ ಹಣ್ಣಿನ ಆಸೆ ಬಿಡಬೇಕು. ದಾರಿಯ ಮಗ್ಗುಲನ್ನು ಮಾತ್ರ ಸವರಿ, ಹೊಲದ ಮಗ್ಗುಲನ್ನು ಬೆಳೆಯಬಿಡುವುದು ನಮ್ಮ ಅಭಿಪ್ರಾಯದಲ್ಲಿ ಲೇಸು. ಗೋಮಾಳದ ಅಂಚಿನಲ್ಲಿ ಉಳಿದಿರುವ ಹಳೆಯ ಪೊದೆಗಳನ್ನು ಗ್ರಾಮದ ಮುಖಂಡರು ಕಡಿಯಗೊಡದಿದ್ದರೆ ಬೀಜಕ್ಕೆ ಬೇರೆಡೆ ಹುಡುಕಬೇಕಾಗಿಲ್ಲ. ಹಣ್ಣು ಆಯ್ದು ಸಂತೆಯಲ್ಲಿ ಮಾರುವ ಬಡವರಿಗೂ ಬೇಸಗೆಯಲ್ಲಿ ನಾಲ್ಕು ಕಾಸು ದೊರೆಯುವುದು.