ಗಡಿಯಾರದ ಮುಂದೆ ಗಣಿತ

1973ರಲ್ಲಿ ಆರಂಭವಾದ ಬೆಂಗಳೂರಿನ ಐ.ಐ.ಎಂ. ಮೊದಲಾದ ಸಂಸ್ಥೆಗಳು ಪ್ರವೇಶಕ್ಕಾಗಿ ನಡೆಸುವ 'ಕ್ಯಾಟ್' ಪರೀಕ್ಷೆಗೆ, ನಿಗದಿತ ಅಂಕ ಪಡೆದ ಯಾವ ವಿಷಯದ ಪದವೀಧರರೂ ಕುಳಿತುಕೊಳ್ಳಬಹುದು. ಹೀಗಿದ್ದರೂ ಕಲಾ ವಿಭಾಗದ ನಮ್ಮಲ್ಲಿ ಅನೇಕರು ಅದರ ಗಣಿತ ಭಾಗದ ಹೆಸರು ಕೇಳಿಯೇ ಹಿಂಜರಿಯುವರು. ಈ ಅಳುಕು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು, ಅದೇ ಪರೀಕ್ಷೆಗೆ ಸಿದ್ಧನಾಗುತ್ತಿರುವ ನಾನು ಇಲ್ಲಿ ವಿವೇಚಿಸಬಯಸುತ್ತೇನೆ.

ಶೇಕಡಾವಾರು, ಅನುಪಾತ, ಕಾಲ ಮತ್ತು ಕೆಲಸ, ವೇಗ ಮುಂತಾಗಿ ಅಲ್ಲಿ ಕೇಳುವ ಹೆಚ್ಚಿನ ಲೆಕ್ಕಗಳು ಪ್ರೌಢಶಾಲೆಯಲ್ಲಿ ಓದಿದವುಗಳೇ. ಬಿಡುವಾಗಿ ಕುಳಿತರೆ ಅವುಗಳಲ್ಲಿ ಬಹುಪಾಲನ್ನು ಬಿಡಿಸಬಲ್ಲೆ; ಗಡಿಯಾರವನ್ನು ಎದುರಿಗಿಟ್ಟುಕೊಂಡರೆ ಅರ್ಧವೂ ಮುಗಿಯದು. 2024ರ ಪರೀಕ್ಷೆಯಲ್ಲಿ ಈ ಭಾಗಕ್ಕಿದ್ದುದು 22 ಪ್ರಶ್ನೆ, 40 ನಿಮಿಷ. ಒಂದೊಂದಕ್ಕೆ ಸುಮಾರು 109 ಸೆಕೆಂಡು. ಒಂದೇ ಲೆಕ್ಕಕ್ಕೆ 6 ನಿಮಿಷ ಕೊಟ್ಟವನು ಮೂರು ಲೆಕ್ಕಗಳ ಕಾಲವನ್ನು ಕಳೆದಂತಾಯಿತು.

ಹಾಗಾದರೆ ಉಪಾಯವೇನು? ಮೊದಲನೆಯದು ಅಂದಾಜು. ಒಂದು ಕೆಲಸವನ್ನು ರಾಮನು 12 ದಿನಗಳಲ್ಲಿಯೂ ಭೀಮನು 18 ದಿನಗಳಲ್ಲಿಯೂ ಮುಗಿಸುವರು. ಇಬ್ಬರೂ ಕೂಡಿದರೆ ಎಷ್ಟು ದಿನ? ಕೊಟ್ಟಿರುವ ಉತ್ತರಗಳು 5, 6, 7.2, 15 ಎಂದಿರಲಿ. ಇಬ್ಬರೂ ರಾಮನಷ್ಟು ಚುರುಕಾಗಿದ್ದರೆ 6 ದಿನ. ಇಬ್ಬರೂ ಭೀಮನಷ್ಟು ನಿಧಾನವಾಗಿದ್ದರೆ 9 ದಿನ. ಆದುದರಿಂದ ಉತ್ತರವು 6ಕ್ಕೂ 9ಕ್ಕೂ ನಡುವೆ ಇರಲೇಬೇಕು. 7.2 ಒಂದೇ ಉಳಿಯಿತು! ಎಲ್ಲ ಲೆಕ್ಕಗಳೂ ಇಷ್ಟು ಸುಲಭವಾಗಿ ಬಗ್ಗವು, ನಿಜ. ಆದರೂ ಉತ್ತರದ ಎಲ್ಲೆಯನ್ನು ಮೊದಲೇ ಗುರುತಿಸಿಕೊಂಡರೆ ಶ್ರಮ ಎಷ್ಟೋ ತಗ್ಗುವುದು.

ಎರಡನೆಯದು ಅಂಕಗಳ ಲೆಕ್ಕ. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಯಲ್ಲಿ ಸರಿಯುತ್ತರಕ್ಕೆ 3 ಅಂಕ. ತಪ್ಪಿಗೆ 1 ಅಂಕ ಕಡಿತ. ಇಂತಹ ನಾಲ್ಕು ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿಯಲ್ಲಿ ಒಂದು ಸರಿ, ಮೂರು ತಪ್ಪು, ಗಳಿಕೆ ಸೊನ್ನೆ. ಪ್ರತಿಯೊಂದರಲ್ಲಿಯೂ ಎರಡು ಉತ್ತರಗಳನ್ನು ಖಚಿತವಾಗಿ ತಳ್ಳಿಹಾಕಲು ಬಂದರೆ ಸರಾಸರಿಯಲ್ಲಿ ಎರಡು ಸರಿ, ಎರಡು ತಪ್ಪು. ಗಳಿಕೆ 4 ಅಂಕ. ಅರ್ಧ ತಿಳಿವಿಗೂ ಇಲ್ಲಿ ಬೆಲೆಯುಂಟು.

ಮೂರನೆಯದೇ ಕಠಿಣವಾದುದು: ಬಿಡುವುದನ್ನು ಕಲಿಯುವುದು. ಹಿಡಿದ ಲೆಕ್ಕವನ್ನು ಮುಗಿಸದೆ ಏಳಬಾರದೆಂದು ಶಾಲೆಯಲ್ಲಿ ಕಲಿತವರು ನಾವು. ಪರೀಕ್ಷೆಯಲ್ಲಿ ಆ ಹಟ ಸಲ್ಲದು. ಮೊದಲ ಸುತ್ತಿನಲ್ಲಿ, ಓದಿದ ಅರ್ಧ ನಿಮಿಷದೊಳಗೆ ದಾರಿ ಕಾಣುವ ಪ್ರಶ್ನೆಗಳನ್ನು ಮಾತ್ರ ಬಿಡಿಸುತ್ತೇನೆ. ಉಳಿದವು ಎರಡನೆಯ ಸುತ್ತಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಸಮಯಕ್ಕೂ ಅನ್ವಯಿಸುತ್ತದೆ.

ಗಣಿತ ಬಾರದೆಂದು ಅರ್ಜಿಯನ್ನೇ ಹಾಕದಿರುವ ಮಿತ್ರರು ದಿನಕ್ಕೆ 40 ನಿಮಿಷ ಗಡಿಯಾರವಿಟ್ಟುಕೊಂಡು ಒಂದು ತಿಂಗಳು ಅಭ್ಯಾಸ ಮಾಡಿ ನೋಡಲಿ. ತಮಗೆ ಕಡಿಮೆಯಾದುದು ಬುದ್ಧಿಯೋ ರೂಢಿಯೋ ಎಂಬುದು ಆಗ ತಾನಾಗಿಯೇ ತಿಳಿದೀತು.