ಸೆಲ್ ಯಾವುದೆಂದು ಐಸಿಗೆ ನೀನೇ ಹೇಳಬೇಕು

ಪುಟ್ಟಿ, ಮೊದಲ ಸಲ ನೀನೇ ಚಾರ್ಜಿಂಗ್ ಬೋರ್ಡ್ ಕೂರಿಸಲು ಹೊರಟಿದ್ದೀಯ, ತುಂಬಾ ಸಂತೋಷ. ಸೋಲ್ಡರಿಂಗ್ ಐರನ್ ಬಿಸಿಯಾಗುವಷ್ಟರಲ್ಲಿ ಇಷ್ಟು ಓದಿಕೋ.

• ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಸಿಗುವ ಪುಟ್ಟ ನೀಲಿ ಬೋರ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಟಿಪಿ4056 ಎಂಬ ಚಾರ್ಜಿಂಗ್ ಐಸಿ. ಸೆಲ್ ದೊಡ್ಡದೋ ಚಿಕ್ಕದೋ ಅದಕ್ಕೆ ಗೊತ್ತಾಗುವುದಿಲ್ಲ. ಎರಡನೇ ಪಿನ್ನಿಗೆ ಸೇರಿದ ರೆಸಿಸ್ಟರ್ ಎಷ್ಟು ಹೇಳುತ್ತದೋ ಅಷ್ಟು ಕರೆಂಟ್ ಕೊಡುತ್ತದೆ. ಬೋರ್ಡ್ ಬರುವಾಗಲೇ ಅಲ್ಲಿ 1.2 ಕಿಲೋ ಓಮ್ ಇರುತ್ತದೆ, ಮೇಲೆ 122 ಎಂದು ಬರೆದಿರುತ್ತದೆ. ಅಂದರೆ 1 ಆಂಪಿಯರ್. 2600 ಎಂಎಎಚ್‌ನ 18650 ಸೆಲ್ಲಿಗೆ ಇದು ಸರಿ. ಇಯರ್‌ಫೋನ್ ಡಬ್ಬಿಯ 300 ಎಂಎಎಚ್ ಪೌಚ್ ಸೆಲ್ಲಿಗೆ ಇದನ್ನೇ ಕೊಟ್ಟರೆ ಅದು ತಾಳುವುದಿಲ್ಲ. ಆ ರೆಸಿಸ್ಟರ್ ಕಿತ್ತು 10 ಕಿಲೋ ಓಮ್ ಹಾಕು, ಕರೆಂಟ್ ಸುಮಾರು 130 ಮಿಲಿಆಂಪಿಯರಿಗೆ ಇಳಿಯುತ್ತದೆ. ಈ ಒಂದು ಕೆಲಸ ಮಾತ್ರ ಯಾವತ್ತೂ ಮರೆಯಬೇಡ.

• ಈ ಐಸಿ 4.2 ವೋಲ್ಟಿಗೆ ನಿಲ್ಲುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿಗೆ 3.6 ಸಾಕು, ಅದಕ್ಕೆ ಬೇರೆಯೇ ಐಸಿ ತಗೋ.

• ಬೋರ್ಡ್ ಕೈ ಸುಡುತ್ತದೆ ಎಂದು ಗಾಬರಿ ಬೀಳಬೇಡ. ಇದು ಲೀನಿಯರ್ ಚಾರ್ಜರ್, ಉಳಿದ ವೋಲ್ಟೇಜನ್ನೆಲ್ಲ ಶಾಖವಾಗಿ ಬಿಡುತ್ತದೆ. 5 ವೋಲ್ಟ್ ಒಳಗೆ ಬಂದು ಸೆಲ್ 3 ವೋಲ್ಟಿನಲ್ಲಿದ್ದಾಗ 1 ಆಂಪಿಯರ್ ಹರಿದರೆ ಆ ಪುಟ್ಟ ಚಿಪ್ಪಿನ ಮೇಲೆ 2 ವ್ಯಾಟ್! ತೀರಾ ಬಿಸಿಯಾದರೆ ಅದೇ ಕರೆಂಟ್ ತಗ್ಗಿಸಿಕೊಳ್ಳುತ್ತದೆ, ಚಾರ್ಜ್ ನಿಧಾನವಾಗುತ್ತದೆ. ಸೆಲ್ಲನ್ನು ಮಾತ್ರ ಅದಕ್ಕೆ ತಾಗಿಸಿ ಅಂಟಿಸಬೇಡ.

• ಚಾರ್ಜ್ ಮಾಡುವ ಐಸಿಯೇ ಸೆಲ್ಲನ್ನು ಕಾಯುತ್ತದೆ ಎಂದು ನಂಬಬೇಡ. ಕಾಯುವುದು ಡಿಡಬ್ಲ್ಯೂ01 ಎಂಬ ಇನ್ನೊಂದು ಐಸಿ ಮತ್ತು ಅದರ ಪಕ್ಕದ 8205 ಮಾಸ್‌ಫೆಟ್. ಅವೆರಡೂ ಇರುವ ಬೋರ್ಡನ್ನೇ ಕೇಳಿ ತಗೋ. ಲೋಡನ್ನು ಔಟ್ ಎಂದು ಬರೆದ ಕಡೆಯೇ ಸೇರಿಸು.

• ಚಾರ್ಜ್ ಆಗುತ್ತಿರುವಾಗಲೇ ಉಪಕರಣ ಓಡಬೇಕೆ? ಹಾಗಾದರೆ ಈ ಬೋರ್ಡ್ ಬೇಡ. ಚಾರ್ಜ್ ಕರೆಂಟ್ ನಿಗದಿ ಮಾಡಿದ್ದರ ಹತ್ತನೇ ಒಂದು ಭಾಗಕ್ಕೆ ಇಳಿದಾಗ ಐಸಿ ಚಾರ್ಜ್ ಮುಗಿಸುತ್ತದೆ. ಲೋಡ್ ಅದಕ್ಕಿಂತ ಹೆಚ್ಚು ಎಳೆಯುತ್ತಿದ್ದರೆ ಆ ಗಳಿಗೆ ಬರುವುದೇ ಇಲ್ಲ, ಸೆಲ್ 4.2ರಲ್ಲೇ ಬೇಯುತ್ತಿರುತ್ತದೆ. ಲೋಡಿಗೆ ಬೇರೆ ದಾರಿ ಕೊಡುವ ಪವರ್ ಪಾತ್ ಇರುವ ಬಿಕ್ಯೂ24075ರಂಥ ಐಸಿಗೆ ನಾಲ್ಕು ಕಾಸು ಹೆಚ್ಚಾದರೂ ಕೊಡು.

• ಟೆಂಪ್ ಪಿನ್ನನ್ನು ಈ ಅಗ್ಗದ ಬೋರ್ಡುಗಳಲ್ಲಿ ಗ್ರೌಂಡಿಗೆ ಸೇರಿಸಿಬಿಟ್ಟಿರುತ್ತಾರೆ, ಸೆಲ್ಲಿನ ಬಿಸಿ ಐಸಿಗೆ ತಿಳಿಯುವುದೇ ಇಲ್ಲ. ಹೆಚ್ಚಿನ ಲಿಥಿಯಂ ಸೆಲ್ಲುಗಳನ್ನು 0ಯಿಂದ 45 ಡಿಗ್ರಿಯೊಳಗೆ ಮಾತ್ರ ಚಾರ್ಜ್ ಮಾಡಬೇಕು. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಆ ಮಿತಿ ಬೇಗ ದಾಟುತ್ತದೆ. ನಿನ್ನ ಉಪಕರಣ ಅಂಥ ಕಡೆ ಹೋಗುವುದಾದರೆ ಆ ಪಿನ್ನನ್ನು ಗ್ರೌಂಡಿನಿಂದ ಬಿಡಿಸಿ ಥರ್ಮಿಸ್ಟರಿಗೆ ಸೇರಿಸು, ಥರ್ಮಿಸ್ಟರನ್ನು ಸೆಲ್ಲಿಗೇ ಒತ್ತಿ ಅಂಟಿಸು.

• ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ ಸಿಕ್ಕರೆ ಮೊದಲು ಮಲ್ಟಿಮೀಟರ್ ಹಿಡಿ. ಸೆಲ್ 2.9 ವೋಲ್ಟಿಗಿಂತ ಕೆಳಗಿದ್ದರೂ ಟಿಪಿ4056 ಸಣ್ಣ ಕರೆಂಟಿನಿಂದ ಎಬ್ಬಿಸಲು ನೋಡುತ್ತದೆ. ಆದರೆ ತಿಂಗಳುಗಟ್ಟಲೆ ಸತ್ತು ಬಿದ್ದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗಿರಬಹುದು. ಮತ್ತೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಒಳಗೇ ಶಾರ್ಟ್ ಮಾಡಬಹುದು. 2 ವೋಲ್ಟಿಗಿಂತ ಕೆಳಗೆ ಕಂಡದ್ದನ್ನೂ ಉಬ್ಬಿದ್ದನ್ನೂ ಚುಚ್ಚದೆ, ತುದಿಗಳಿಗೆ ಟೇಪ್ ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟುಬಿಡು.