ಪೀಣ್ಯದ ಶೆಡ್ಡು ಗೂಗಲ್‌ನಲ್ಲಿ ಕಾಣಬೇಕಾದರೆ

1970ರ ದಶಕದಲ್ಲಿ ತಲೆ ಎತ್ತಿದ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಇಂದು ಸಾವಿರಾರು ಸಣ್ಣ ಘಟಕಗಳಿವೆ. ಟರ್ನಿಂಗ್, ಗೇರ್ ಕಟಿಂಗ್, ಹೀಟ್ ಟ್ರೀಟ್‌ಮೆಂಟ್, ಪೌಡರ್ ಕೋಟಿಂಗ್ ಎಂದು ಒಂದೊಂದು ಶೆಡ್ಡಿಗೂ ಒಂದೊಂದು ಕಸುಬು. ಅವುಗಳ ವೆಬ್‌ಸೈಟ್ ತೆರೆದರೆ ಮಾತ್ರ ಬಹುಪಾಲು ಒಂದೇ ಪಲ್ಲವಿ: ಉತ್ತಮ ಗುಣಮಟ್ಟ, ಸಕಾಲಕ್ಕೆ ಡೆಲಿವರಿ, ಗ್ರಾಹಕರ ತೃಪ್ತಿ. ಈ ಪದಗಳನ್ನು ಟೈಪ್ ಮಾಡಿ ಯಾರೂ ವೆಂಡರ್ ಹುಡುಕುವುದಿಲ್ಲ. ವೈಟ್‌ಫೀಲ್ಡ್‌ನ ಕಂಪನಿಯೊಂದರ ಪರ್ಚೇಸ್ ವಿಭಾಗದವರು ಹುಡುಕುವುದು ‘ಎಸ್‌ಎಸ್ 316 ಸಿಎನ್‌ಸಿ ಟರ್ನಿಂಗ್ ಜಾಬ್ ವರ್ಕ್ ಪೀಣ್ಯ’ ಎಂಬಂಥದ್ದನ್ನು. ಶೆಡ್ಡಿನೊಳಗೆ ನಿಜಕ್ಕೂ ನಡೆಯುವ ಕೆಲಸವನ್ನು ಕೊಳ್ಳುವವರ ಮಾತಿನಲ್ಲೇ ಬರೆದಿಟ್ಟ ಸೈಟು ಹುಡುಕಾಟದಲ್ಲಿ ಮೇಲೆ ಬರುತ್ತದೆ. ಉಳಿದ ತಂತ್ರಗಳೆಲ್ಲ ಇದಾದ ಮೇಲಿನವು.

ಆದ್ದರಿಂದ ಮೊದಲ ಹೆಜ್ಜೆ, ಒಂದು ಕೆಲಸಕ್ಕೆ ಒಂದು ಪುಟ. ಟರ್ನಿಂಗ್‌ಗೆ ಬೇರೆ, ಮಿಲ್ಲಿಂಗ್‌ಗೆ ಬೇರೆ. ಯಂತ್ರ ಹಿಡಿಯುವ ಗರಿಷ್ಠ ವ್ಯಾಸ ಮತ್ತು ಉದ್ದ, ಎಷ್ಟು ಮೈಕ್ರಾನ್‌ವರೆಗಿನ ಟಾಲರೆನ್ಸ್ ಕೊಡಬಲ್ಲಿರಿ, ಇಎನ್ 8, ಇಎನ್ 24, ಅಲ್ಯೂಮಿನಿಯಂ 6061 ಇವುಗಳಲ್ಲಿ ಯಾವುದು ನಿಮ್ಮ ಕೈಗೆ ಒಗ್ಗಿದೆ, ಕನಿಷ್ಠ ಎಷ್ಟು ಪೀಸ್ ಆರ್ಡರ್ ತೆಗೆದುಕೊಳ್ಳುತ್ತೀರಿ, ಅಳತೆ ಪರೀಕ್ಷಿಸುವ ಸಲಕರಣೆ ಯಾವುದು, ಇಷ್ಟನ್ನೂ ಅಕ್ಷರದಲ್ಲಿ ಬರೆಯಬೇಕು. ಕ್ಯಾಟಲಾಗ್ ಸ್ಕ್ಯಾನ್ ಮಾಡಿ ಚಿತ್ರವಾಗಿ ಅಂಟಿಸಿದರೆ ಆ ವಿವರ ಹುಡುಕಾಟಕ್ಕೆ ಸರಿಯಾಗಿ ಸಿಗುವುದಿಲ್ಲ. ಪುಟದ ಶೀರ್ಷಿಕೆಯಲ್ಲಿ ‘ಹೋಮ್’ ಎಂದಿರುವ ಜಾಗದಲ್ಲಿ ಕೆಲಸದ ಹೆಸರೂ ಊರಿನ ಹೆಸರೂ ಬರಲಿ. ಪರ್ಚೇಸ್‌ನವರು ಹೆಚ್ಚಾಗಿ ಇಂಗ್ಲಿಷಿನಲ್ಲಿ ಹುಡುಕುವುದರಿಂದ ಈ ಪುಟಗಳು ಇಂಗ್ಲಿಷಿನಲ್ಲೇ ಇರಬೇಕಾಗುತ್ತದೆ. ಆದರೆ ಆಪರೇಟರ್, ಫಿಟ್ಟರ್ ಬೇಕಾದಾಗ ಓದುವವರು ನಮ್ಮ ಐಟಿಐ ಹುಡುಗರು. ಕೆಲಸಕ್ಕೆ ಕರೆಯುವ ಪುಟ ಕನ್ನಡದಲ್ಲಿರಲೇಬೇಕು. ‘ಇಷ್ಟೆಲ್ಲ ಬರೆದರೆ ಪಕ್ಕದ ಶೆಡ್ಡಿನವರಿಗೆ ನಮ್ಮ ಗುಟ್ಟು ಬಿಟ್ಟುಕೊಟ್ಟಂತೆ’ ಎಂಬ ಅಳುಕು ಹಲವರಿಗಿದೆ. ವೆಂಡರ್ ನೋಂದಣಿಗೆ ಹೋದ ಕಡೆಯಲ್ಲೆಲ್ಲ ನಿಮ್ಮ ಯಂತ್ರಗಳ ಪಟ್ಟಿ ಕೊಟ್ಟೇ ಇರುತ್ತೀರಿ, ಅದು ಗುಟ್ಟಲ್ಲ. ಗುಟ್ಟಾಗಿ ಉಳಿಯಬೇಕಾದದ್ದು ಗ್ರಾಹಕರ ಡ್ರಾಯಿಂಗ್. ಅದನ್ನೂ ಅವರ ಬಿಡಿಭಾಗದ ಫೋಟೊವನ್ನೂ ಒಪ್ಪಿಗೆ ಇಲ್ಲದೆ ಹಾಕಬೇಡಿ.

ಎರಡನೆಯದು ನಕ್ಷೆಯ ಕೆಲಸ. ನಿಮ್ಮ ಘಟಕವನ್ನು ಗೂಗಲ್ ನಕ್ಷೆಯಲ್ಲಿ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಸ್ಥಳೀಯ ಹುಡುಕಾಟದಲ್ಲಿ ಯಾರು ಮೇಲೆ ಬರಬೇಕೆಂಬುದನ್ನು ಮೂರು ಅಂಶಗಳಿಂದ ತೀರ್ಮಾನಿಸುತ್ತೇವೆಂದು ಗೂಗಲ್ ಹೇಳುತ್ತದೆ: ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರಾಗಿದೆ. ದೂರವನ್ನು ಬದಲಿಸಲಾಗದು, ಉಳಿದೆರಡು ನಿಮ್ಮ ಕೈಯಲ್ಲಿವೆ. ಸ್ಟೇಜು, ಫೇಸು, ಕ್ರಾಸುಗಳ ಪೀಣ್ಯದಲ್ಲಿ ಲಾರಿ ಚಾಲಕರೇ ದಾರಿ ತಪ್ಪುತ್ತಾರೆ. ಪಿನ್ನು ನಿಮ್ಮ ಗೇಟಿನ ಮೇಲೆಯೇ ಬೀಳಲಿ. ಜಿಎಸ್‌ಟಿ ದಾಖಲೆ, ವೆಬ್‌ಸೈಟ್, ಪ್ರೊಫೈಲ್ ಮೂರರಲ್ಲೂ ವಿಳಾಸ ಒಂದೇ ರೀತಿ ಇರಲಿ. ಕೆಲಸ ಮುಗಿದ ಗ್ರಾಹಕರಲ್ಲಿ ವಿಮರ್ಶೆ ಬರೆಯುವಂತೆ ಕೇಳಿಕೊಳ್ಳಿ. ದುಡ್ಡು ಕೊಟ್ಟು ಬರೆಸುವುದು ನಿಯಮಕ್ಕೆ ವಿರುದ್ಧ.

ಆಮೇಲೆ ವೇಗ. ಗೂಗಲ್ ಈಗ ಸೈಟಿನ ಮೊಬೈಲ್ ರೂಪವನ್ನೇ ಆಧಾರವಾಗಿ ನೋಡುತ್ತದೆ, ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕೆನ್ನುತ್ತದೆ. ಭಾರದ ಫೋಟೊಗಳನ್ನು ಕುಗ್ಗಿಸಿದರೆ ಎಷ್ಟೋ ಸುಧಾರಿಸುತ್ತದೆ. ಜೊತೆಗೆ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನಕ್ಕೆ ಸೈಟನ್ನು ಸೇರಿಸಿ. ಜನ ಯಾವ ಪದ ಹುಡುಕಿದಾಗ ನಿಮ್ಮ ಸೈಟು ಕಾಣಿಸಿತು, ಎಷ್ಟು ಮಂದಿ ಒತ್ತಿದರು ಎಂಬುದು ಅಲ್ಲಿ ಸಿಗುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡಿ ಪುಟ ತಿದ್ದುವುದು ಸಾವಿರಾರು ರೂಪಾಯಿಯ ಸಲಹೆಗಿಂತ ಮೇಲು.

‘ನಮಗೆ ಆರ್ಡರ್ ಬರುವುದು ಪರಿಚಯದಿಂದ, ವೆಬ್‌ಸೈಟಿನಿಂದಲ್ಲ’ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಪೀಣ್ಯ ಬೆಳೆದದ್ದೇ ಹಾಗೆ. ಆದರೆ ಪರಿಚಯದವರು ಹೆಸರು ಹೇಳಿದ ಮೇಲೂ ಎದುರಿನವರು ಡ್ರಾಯಿಂಗ್ ಕಳುಹಿಸುವ ಮುನ್ನ ಆ ಹೆಸರನ್ನು ಫೋನಿನಲ್ಲಿ ಹುಡುಕಿ ನೋಡಬಲ್ಲರು. ಅಲ್ಲಿ ಏನೂ ಸಿಗದಿದ್ದರೆ ಪರಿಚಯದ ಬಲವೇ ಕುಂದುತ್ತದೆ. ಎರಡು ಮೂರು ದೊಡ್ಡ ಗ್ರಾಹಕರನ್ನೇ ನೆಚ್ಚಿದ ಘಟಕಕ್ಕೆ ಅವರಲ್ಲೊಬ್ಬರು ಕೈಬಿಟ್ಟರೂ ಯಂತ್ರ ನಿಲ್ಲುತ್ತದೆ. ಜಾಹೀರಾತು ಕೊಟ್ಟರೆ ಸಾಲದೇ? ತುರ್ತಿಗೆ ಸರಿ, ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ. ಇಂಡಿಯಾಮಾರ್ಟ್‌ನಂಥ ತಾಣಗಳಲ್ಲಿ ಹೆಸರಿರಲಿ, ಆದರೆ ಅಲ್ಲಿ ನಿಮ್ಮ ಪಕ್ಕದಲ್ಲೇ ಸ್ಪರ್ಧಿಗಳೂ ಇರುತ್ತಾರೆ.

‘ಮೊದಲ ಸ್ಥಾನ ಗ್ಯಾರಂಟಿ’ ಎನ್ನುವ ಏಜೆಂಟರಿಂದ ದೂರವಿರಿ. ಅಂಥ ಭರವಸೆ ಯಾರೂ ಕೊಡಲಾರರೆಂದು ಗೂಗಲ್ಲೇ ಹೇಳಿದೆ. ಅವರು ಪುಟದ ಕೋಡ್‌ನೊಳಗೆ ತುರುಕುವ ಮೆಟಾ ಕೀವರ್ಡ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಅದು 2009ರಲ್ಲೇ ತಿಳಿಸಿತ್ತು. ಹುಡುಕಾಟದಲ್ಲಿ ಮೇಲೇರಲೆಂದೇ ರಾಶಿ ರಾಶಿ ಪುಟ ಹುಟ್ಟಿಸುವುದನ್ನು 2024ರ ಮಾರ್ಚ್‌ನ ನಿಯಮಗಳು ಸ್ಪ್ಯಾಮ್ ಎಂದೇ ಪರಿಗಣಿಸುತ್ತವೆ. ಪ್ರಾಮಾಣಿಕವಾಗಿ ಮಾಡಿದ ಬದಲಾವಣೆಯೂ ಫಲ ಕೊಡಲು ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಇಡೀ ಸೈಟು ಒಮ್ಮೆಲೇ ಸಿದ್ಧವಾಗಲೆಂದು ಕಾಯಬೇಡಿ. ನಿಮ್ಮ ಶೆಡ್ಡಿನಲ್ಲಿ ಅತಿ ಹೆಚ್ಚು ಹೊತ್ತು ಓಡುವ ಯಂತ್ರ ಯಾವುದೋ, ಅದರ ಬಗ್ಗೆ ಈ ವಾರವೇ ಒಂದು ಪುಟ ಬರೆಯಿರಿ.